ನಮ್ಮ ಬೀದಿಯ ಡಾಕ್ಟರ್ ಎಲ್ಲಿಗೆ ಹೋದರು?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಎಂ.ಟೆಕ್. ಓದಿ ಓ.ಎಂ.ಆರ್.ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ಆರೋಗ್ಯದ ಬಗ್ಗೆ ಏನಾದರೂ ಮಾತಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ಸಿರಿಧಾನ್ಯ, ಯೋಗದ ಬಗ್ಗೆ ಹೇಳೋಣ ಎಂದುಕೊಂಡಿದ್ದೆ. ಆದರೆ ಹೋದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ತಲೆಯಿಂದ ಹೋಗುತ್ತಲೇ ಇಲ್ಲ. ಅದನ್ನೇ ಹೇಳುತ್ತೇನೆ.

ನಮ್ಮಮ್ಮನಿಗೆ ಎಪ್ಪತ್ತೆರಡು ವರ್ಷ. ಹೃದಯಕ್ಕೆ ಒಬ್ಬರು, ಸಕ್ಕರೆ ಕಾಯಿಲೆಗೆ ಒಬ್ಬರು, ಮೊಣಕಾಲಿಗೆ ಒಬ್ಬರು. ಮೂವರು ಸ್ಪೆಷಲಿಸ್ಟುಗಳು, ಮೂರು ಆಸ್ಪತ್ರೆ, ಮೂರು ಫೈಲು. ಒಂದು ದಿನ ಬೆಳಿಗ್ಗೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದು ಕೈ ಮುರಿದುಕೊಂಡರು. ಕೈಗೆ ಕಟ್ಟು ಹಾಕಿದ್ದಾಯಿತು, ತಲೆಸುತ್ತು ಮಾತ್ರ ನಿಲ್ಲಲಿಲ್ಲ. ಒಂದು ಸಂಜೆ ಬಿ.ಪಿ. ನೋಡಿಸೋಣ ಎಂದು ಮನೆ ಹತ್ತಿರದ ಕಾರ್ಪೊರೇಷನ್ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಹತ್ತು ವರ್ಷ ಅದರ ಮುಂದೆಯೇ ಓಡಾಡಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ.

ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅಮ್ಮನ ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿಸಿ ಒಂದೊಂದೇ ಓದಿದರು. ಎರಡು ಪಟ್ಟಿ ಎತ್ತಿ ಹಿಡಿದು, "ಹೆಸರು ಬೇರೆ ಬೇರೆ, ಒಳಗಿರೋ ಔಷಧಿ ಒಂದೇ. ಇಬ್ಬರು ಡಾಕ್ಟರು ಬರೆದಿದ್ದಾರೆ. ಅಮ್ಮ ಬಿ.ಪಿ.ಗೆ ಎರಡರಷ್ಟು ತಗೊಳ್ತಿದ್ದಾರೆ" ಎಂದರು. ಹೃದಯದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ ಮಾತಾಡಿ ಒಂದನ್ನು ನಿಲ್ಲಿಸಿದರು. ಕಾಲು ಗಂಟೆಯ ಕೆಲಸ. ಒಂದು ರೂಪಾಯಿ ಖರ್ಚಿಲ್ಲ. ವಾರದೊಳಗೆ ತಲೆಸುತ್ತು ನಿಂತಿತು.

ಆರು ತಿಂಗಳ ನಂತರ ಹೋದಾಗ ಅವರು ಅಲ್ಲಿರಲಿಲ್ಲ. ಪಿ.ಜಿ. ಸೀಟು ಸಿಕ್ಕಿತಂತೆ. ನನಗೆ ಸಂತೋಷವೇ ಆಯಿತು. ಅಮ್ಮ ಮಾತ್ರ, "ಇನ್ನು ನನ್ನ ಚೀಲ ಯಾರು ನೋಡ್ತಾರೆ?" ಎಂದು ಕೇಳಿದರು. ಇವತ್ತಿನ ನನ್ನ ವಿಷಯ ಆ ಪ್ರಶ್ನೆಯೇ.

ನಾನು ಚಿಕ್ಕವಳಾಗಿದ್ದಾಗ ವೆಸ್ಟ್ ಮಾಂಬಲದ ನಮ್ಮ ಬೀದಿಯಲ್ಲಿ ಒಬ್ಬ ಡಾಕ್ಟರ್ ಮಾಮ ಇದ್ದರು. ಅಜ್ಜಿಯ ಸಕ್ಕರೆ, ಅಪ್ಪನ ಕೋಪ, ನನ್ನ ಪರೀಕ್ಷೆಯ ಹಿಂದಿನ ದಿನದ ಹೊಟ್ಟೆನೋವು, ಎಲ್ಲವೂ ಅವರಿಗೆ ಗೊತ್ತು. ಅವರ ಕ್ಲಿನಿಕ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಅವರ ಮಕ್ಕಳಿಬ್ಬರೂ ಡಾಕ್ಟರೇ, ಆದರೆ ಇಬ್ಬರೂ ಸ್ಪೆಷಲಿಸ್ಟುಗಳು.

ಹಾಗಾದರೆ ದೇಶದಲ್ಲಿ ಡಾಕ್ಟರುಗಳೇ ಕಡಿಮೆಯೇ? 2014ರಲ್ಲಿ ಸುಮಾರು 51,000 ಇದ್ದ ಎಂ.ಬಿ.ಬಿ.ಎಸ್. ಸೀಟುಗಳು ಹತ್ತು ವರ್ಷದಲ್ಲಿ ಒಂದು ಲಕ್ಷ ದಾಟಿವೆ. ನಮ್ಮ ತಮಿಳುನಾಡಿನಲ್ಲಿ 2022ರ ಜನವರಿ 12ರಂದು ಒಂದೇ ದಿನ 11 ಸರ್ಕಾರಿ ಮೆಡಿಕಲ್ ಕಾಲೇಜುಗಳು ಉದ್ಘಾಟನೆಯಾದವು. ಓದಿ ಬರುವವರು ಹೆಚ್ಚಾಗಿದ್ದಾರೆ. ಬಂದವರು ಮೊದಲ ಮೆಟ್ಟಿಲಲ್ಲಿ ನಿಲ್ಲುವುದಿಲ್ಲ.

ನಮ್ಮ ಕ್ಷೇತ್ರದ ಉದಾಹರಣೆ ಕೊಡುತ್ತೇನೆ. ಕಂಪ್ಯೂಟರ್ ಕೆಟ್ಟರೆ ಮೊದಲು ಹೆಲ್ಪ್ ಡೆಸ್ಕಿಗೆ ಫೋನ್ ಮಾಡುತ್ತೇವೆ. ಹೆಚ್ಚಿನ ದೂರುಗಳು ಅಲ್ಲೇ ಬಗೆಹರಿಯುತ್ತವೆ, ಉಳಿದವು ಮಾತ್ರ ತಜ್ಞರ ಹತ್ತಿರ ಹೋಗುತ್ತವೆ. ಹೆಲ್ಪ್ ಡೆಸ್ಕ್ ಮುಚ್ಚಿ ಎಲ್ಲರೂ ನೇರ ತಜ್ಞರಿಗೇ ಫೋನ್ ಮಾಡಿದರೆ ಏನಾಗುತ್ತದೆ? ನಮ್ಮ ಆಸ್ಪತ್ರೆಗಳಲ್ಲಿ ಆಗಿರುವುದು ಅದೇ.

ಇದನ್ನು ಹಿರಿಯರು ಮುಂಚೆಯೇ ಯೋಚಿಸಿದ್ದರು. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ದೇಶದ ವೈದ್ಯರಲ್ಲಿ ಹೆಚ್ಚಿನವರು ಎಲ್.ಎಂ.ಪಿ.ಗಳು. ನಮ್ಮ ಸ್ಟಾನ್ಲಿ ಕೂಡ 1938ರಲ್ಲಿ ಕಾಲೇಜಾಗುವ ತನಕ ಅಂಥವರನ್ನು ತಯಾರು ಮಾಡುತ್ತಿದ್ದ ಶಾಲೆಯೇ. ಗುಣಮಟ್ಟಕ್ಕಾಗಿ ಆ ಕೋರ್ಸ್ ನಿಲ್ಲಿಸಿ, ಊರಿನ ಜನರ ಜೊತೆ ನಿಲ್ಲುವ 'ಮೂಲ ವೈದ್ಯ'ರನ್ನು ಎಂ.ಬಿ.ಬಿ.ಎಸ್. ಮೂಲಕ ತಯಾರು ಮಾಡಬೇಕೆಂಬುದು ಸಮಿತಿಯ ಆಸೆಯಾಗಿತ್ತು. ಆದರೆ ಎಂ.ಬಿ.ಬಿ.ಎಸ್. ಕೊನೆಯ ಓದಾಗಲಿಲ್ಲ, ಮುಂದಿನ ಓದಿಗೆ ಮೆಟ್ಟಿಲಾಯಿತು. "ಬರೀ ಎಂ.ಬಿ.ಬಿ.ಎಸ್. ತಾನೇ?" ಎಂದು ಸಂಬಂಧ ನೋಡುವಾಗ ಕೇಳುವವರು ನಾವೇ ಅಲ್ಲವೇ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ.

ಪರಿಹಾರ ಏನು? ನನಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲನೆಯದು, ಕುಟುಂಬ ವೈದ್ಯಕ್ಕೆ ಗೌರವದ ಸ್ಥಾನ. ಎಂ.ಡಿ. ಫ್ಯಾಮಿಲಿ ಮೆಡಿಸಿನ್ ನಮ್ಮಲ್ಲಿ ಬೆರಳೆಣಿಕೆಯ ಕಾಲೇಜುಗಳಲ್ಲಿ ಮಾತ್ರ ಇದೆ. ವೆಲ್ಲೂರಿನ ಸಿ.ಎಂ.ಸಿ. ಕೆಲಸದಲ್ಲಿರುವ ಎಂ.ಬಿ.ಬಿ.ಎಸ್. ವೈದ್ಯರಿಗಾಗಿ ದೂರಶಿಕ್ಷಣದಲ್ಲಿ ಈ ವಿಷಯ ಕಲಿಸುತ್ತಾ ಬಂದಿದೆ. ಇಂಥದ್ದು ಪ್ರತಿ ಸರ್ಕಾರಿ ಕಾಲೇಜಿನಲ್ಲೂ ಬರಬೇಕು. ಆಗ ನಮ್ಮ ಡಾಕ್ಟರಮ್ಮ ಮೇಲೆ ಓದುವುದಕ್ಕಾಗಿ ಕೇಂದ್ರ ಬಿಟ್ಟು ಹೋಗಬೇಕಾಗಿರಲಿಲ್ಲ.

ಎರಡನೆಯದು, ಉಳಿಯುವಂಥ ಪರಿಸ್ಥಿತಿ. ಕರ್ನಾಟಕದಲ್ಲಿ 2012ರ ಕಾಯ್ದೆ ಕಡ್ಡಾಯ ಸೇವೆ ತಂದಿತು. ಕಡ್ಡಾಯ ಒಬ್ಬರನ್ನು ಕರೆತರಬಹುದು, ಉಳಿಸಿಕೊಳ್ಳಲಾರದು. ತಮಿಳುನಾಡು ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಪಿ.ಜಿ. ಸೀಟುಗಳಲ್ಲಿ ಪಾಲು ಕೊಟ್ಟು ಹಳ್ಳಿಗಳಿಗೆ ಡಾಕ್ಟರುಗಳನ್ನು ಸೆಳೆಯಿತು. ರಾಜ್ಯಗಳಿಗೆ ಆ ಅಧಿಕಾರ ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿತು. ಆದರೆ ಆ ದಾರಿಯ ಕೊನೆಯಲ್ಲೂ ಸಿಗುವುದು ಸ್ಪೆಷಲಿಸ್ಟೇ. ಅಲ್ಲೇ ಉಳಿದವರಿಗೂ ಬಡ್ತಿ, ಸಂಬಳ ಬೇಕು. ವೈದ್ಯೆಯರಿಗೆ ಇನ್ನೂ ಒಂದು ಬೇಕು, ಭದ್ರತೆ. 2024ರ ಆಗಸ್ಟಿನಲ್ಲಿ ಕೋಲ್ಕತ್ತದಲ್ಲಿ ಕರ್ತವ್ಯದಲ್ಲಿದ್ದ ವೈದ್ಯೆಗೆ ಆದದ್ದನ್ನು ಯಾವ ತಾಯಿ ಮರೆಯುತ್ತಾಳೆ? ರಾತ್ರಿ ಒಬ್ಬಳೇ ಇರುವ ಕೇಂದ್ರಕ್ಕೆ ಮಗಳನ್ನು ಯಾರು ಕಳಿಸುತ್ತಾರೆ?

ಮೂರನೆಯದು, ಡಾಕ್ಟರ್ ಒಬ್ಬರ ಮೇಲೇ ಎಲ್ಲ ಭಾರ ಹಾಕದಿರುವುದು. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ 'ಮಕ್ಕಳೈ ತೇಡಿ ಮರುತ್ತುವಂ' ಆರಂಭವಾಯಿತು. 'ಜನರನ್ನು ಹುಡುಕಿಕೊಂಡು ಬರುವ ವೈದ್ಯ' ಎಂದರ್ಥ. ಹೊಸೂರಿನ ಕಡೆಯ ನಮ್ಮ ಕನ್ನಡದವರಿಗೆ ಇದು ಗೊತ್ತೇ ಇರುತ್ತದೆ. ತರಬೇತಿ ಪಡೆದ ಹೆಂಗಸರು ಮನೆಗೇ ಬಂದು ಬಿ.ಪಿ., ಸಕ್ಕರೆ ನೋಡಿ ಮಾತ್ರೆ ಕೊಟ್ಟು ಹೋಗುತ್ತಾರೆ. 2024ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು.

ನಾನು ದಿನಾ ಆಫೀಸಿಗೆ ಹೋಗುವಾಗ ತರಮಣಿಯಲ್ಲಿ ವಿ.ಎಚ್.ಎಸ್. ಆಸ್ಪತ್ರೆ ಕಾಣುತ್ತದೆ. ಡಾ. ಕೆ.ಎಸ್. ಸಂಜೀವಿ ಅವರು 1958ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಕುಟುಂಬ ತನ್ನ ಆದಾಯಕ್ಕೆ ತಕ್ಕಂತೆ ವರ್ಷಕ್ಕಿಷ್ಟು ಚಂದಾ ಕಟ್ಟಬೇಕು, ಸಂಸ್ಥೆ ಇಡೀ ಕುಟುಂಬವನ್ನು ನೋಡಿಕೊಳ್ಳಬೇಕು ಎಂಬುದು ಅವರ ಯೋಜನೆ. ಕಾಯಿಲೆ ಬಂದ ಮೇಲೆ ದುಡ್ಡು ಕೊಡುವ ವಿಮೆಗಿಂತ ಇದು ಬೇರೆ ಯೋಚನೆ. ಕಂಪನಿಗಳಲ್ಲಿರುವ ನಾವು ಇದರಿಂದ ಕಲಿಯುವುದು ಬಹಳವಿದೆ.

ಇವೆಲ್ಲ ಸರ್ಕಾರದ, ಸಂಸ್ಥೆಗಳ ಕೆಲಸವಾಯಿತು. ನಾವು ಏನು ಮಾಡಬಹುದು? ಮನೆ ಹತ್ತಿರದ ಒಬ್ಬ ಜನರಲ್ ಡಾಕ್ಟರನ್ನು ಆರಿಸಿಕೊಂಡು, ಅವಸರವಲ್ಲದ ಯಾವುದೇ ತೊಂದರೆಗೆ ಮೊದಲು ಅವರನ್ನೇ ನೋಡೋಣ. ಎದೆನೋವು, ಪಾರ್ಶ್ವವಾಯುವಿನಂಥದ್ದಾದರೆ ತಡಮಾಡದೆ 108ಕ್ಕೆ ಫೋನ್ ಮಾಡೋಣ. ಮನೆಯ ಹಿರಿಯರಿಗೆ ಮೂರು ಫೈಲಿನ ಬದಲು ಒಂದೇ ಫೈಲು ಇಡೋಣ. ಪೆಟ್ಟಿಗೆಯ ಮೇಲಿನ ಬ್ರ್ಯಾಂಡ್ ಹೆಸರಲ್ಲ, ಒಳಗಿರುವ ಔಷಧಿಯ ಹೆಸರನ್ನು ಬರೆದಿಡೋಣ. ಎಂ.ಟೆಕ್. ಓದಿದ ನನಗೇ ಇದು ತೋಚಿರಲಿಲ್ಲ.

ವೇದಿಕೆಗೆ ನನ್ನದೊಂದು ಕೋರಿಕೆ. ವರ್ಷಕ್ಕೆರಡು ಭಾನುವಾರ 'ಮಾತ್ರೆ ಚೀಲದ ದಿನ' ಮಾಡೋಣ. ನಮ್ಮ ಸಂಘದಲ್ಲೇ ನಿವೃತ್ತ ಡಾಕ್ಟರುಗಳಿದ್ದಾರೆ. ಹಿರಿಯರು ಚೀಲ ತರಲಿ, ಅವರು ನೋಡಲಿ, ನಾವು ಕಿರಿಯರು ಕೂತು ಪಟ್ಟಿ ಬರೆದು ಅವರವರ ಡಾಕ್ಟರಿಗೆ ತೋರಿಸಲು ಕೊಡುತ್ತೇವೆ. ಪಟ್ಟಿ ಮಾಡುವ ಕೆಲಸ ನನ್ನದು.

ಅಮ್ಮನ ಕೈ ಈಗ ವಾಸಿಯಾಗಿದೆ. ಆರೋಗ್ಯ ಕೇಂದ್ರಕ್ಕೆ ಹೊಸ ಡಾಕ್ಟರ್ ಬಂದಿದ್ದಾರೆ. ಹೋದ ವಾರ ಅಮ್ಮ ತಾವೇ ಚೀಲ ಹಿಡಿದುಕೊಂಡು ಹೋಗಿ ಪರಿಚಯ ಮಾಡಿಕೊಂಡು ಬಂದರು. "ನೀವು ಎಷ್ಟು ವರ್ಷ ಇರ್ತೀರಿ?" ಎಂದು ಕೇಳಿದರಂತೆ. ಆ ಹುಡುಗ ನಕ್ಕರಂತೆ, ಉತ್ತರ ಹೇಳಲಿಲ್ಲವಂತೆ.