“ಏನಿಲ್ಲ ಬಿಡು” ಅನ್ನಬೇಡಿ

(ಮಠದ ಮಾಸಿಕ ಅನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನಾನು ಪ್ರವಚನಕಾರನಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಸೇತುವೆ ಕಟ್ಟಿಸುತ್ತ ನಿವೃತ್ತನಾದ ಇಂಜಿನಿಯರ್. ಇಂದು ನಾನು ಮಾತನಾಡುವುದು ನನ್ನ ಕಿವಿಯ ಬಗ್ಗೆ.

ಮೂರು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಮಕ್ಕಳ ಗದ್ದಲ, ಟಿ.ವಿ. ಬೇರೆ. ತಮ್ಮ ಹತ್ತಿರ ಬಂದು, “ಅಣ್ಣಾ, ಸ್ವಲ್ಪ ಸಾಲ ಬೇಕಾಗಿತ್ತು” ಅಂದ. ನನಗೆ ಕೇಳಿಸಿದ್ದು “ಪಾಲು.” ಹಬ್ಬದ ದಿನ ಹೊಲದ ಪಾಲು ಕೇಳುತ್ತಾನಲ್ಲ ಎಂದು ಎಲ್ಲರೆದುರೇ ಬೈದೆ. ಅವನು ತಲೆ ತಗ್ಗಿಸಿ ಎದ್ದು ಹೋದ. ನಾಲ್ಕು ತಿಂಗಳು ಮಾತಿಲ್ಲ. ಕೊನೆಗೆ ನಮ್ಮ ಮನೆಯವರು ಹೇಳಿದರು: “ಅವರು ಕೇಳಿದ್ದು ಮಗಳ ಫೀಸಿಗೆ ಸಾಲರೀ. ನಿಮಗ ಕಿವಿ ಮಂದ ಆಗ್ಯಾವ, ನೀವು ಒಪ್ಪೂದಿಲ್ಲ.”

ಮರುದಿನವೇ ಪರೀಕ್ಷೆಗೆ ಹೋದೆ. ಅಲ್ಲಿ ಕೊಟ್ಟ ನಕ್ಷೆಯನ್ನು ನಮ್ಮ ರಸ್ತೆಯ ನಕ್ಷೆಯಂತೆಯೇ ಓದಿದೆ. ತಗ್ಗಿನ ಸ್ವರಗಳಲ್ಲಿ ಗೆರೆ ಸಮವಾಗಿದೆ. 2000 ಹರ್ಟ್ಸ್ ದಾಟಿದ ಮೇಲೆ ಘಾಟಿಯಂತೆ ಇಳಿದಿದೆ. ಅ, ಆ, ಉ ಮುಂತಾದ ಸ್ವರಗಳ ಬಲ ಇರುವುದು ತಗ್ಗಿನ ಭಾಗದಲ್ಲಿ; ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಎತ್ತರದ ಭಾಗದಲ್ಲಿ. ಹೀಗಾಗಿ ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ. ಹಾಲು, ಕಾಲು, ಸಾಲು, ಪಾಲು ಎಲ್ಲ ಒಂದೇ. ಜಲ್ಲಿ ಕ್ರಷರ್, ಕಂಪ್ರೆಸರ್‌ಗಳ ಪಕ್ಕದಲ್ಲಿ ಕಿವಿಗೆ ರಕ್ಷಣೆಯಿಲ್ಲದೆ ನಿಂತ ವರ್ಷಗಳೂ ಇದಕ್ಕೆ ಸೇರಿವೆ. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಆ ನಕ್ಷೆ ಹಿಡಿದು ಕೂತಾಗ ನೆನಪಾದವಳು ನಮ್ಮವ್ವ. ಕೊನೆಯ ಹತ್ತು ವರ್ಷ ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ನಾವೆಲ್ಲ ಕೂತು ನಗುವಾಗ, “ಏನಂತೋ ತಮ್ಮಾ?” ಎನ್ನುತ್ತಿದ್ದಳು. ನಾವು “ಏನಿಲ್ಲ ಬಿಡವ್ವ” ಎನ್ನುತ್ತಿದ್ದೆವು. ಬರಬರುತ್ತ ಕೇಳುವುದನ್ನೇ ಬಿಟ್ಟಳು. ಅಡುಗೆಮನೆ ಮೂಲೆಗೆ ಸರಿದಳು. ಅವ್ವ ಶಾಂತಳಾಗಿದ್ದಾಳೆ ಎಂದುಕೊಂಡೆವು. ಅವಳನ್ನು ಮಾತಿನಿಂದ ಹೊರಗೆ ಹಾಕಿದ್ದೆವು. ಈಗ ಮೊಮ್ಮಕ್ಕಳು ನನಗೆ “ಏನಿಲ್ಲ ಬಿಡಜ್ಜ” ಅಂದಾಗ ಆ ನೋವು ಎಂಥದ್ದೆಂದು ತಿಳಿಯುತ್ತಿದೆ.

ಅನುಭವ ಮಂಟಪದಲ್ಲಿ ಎಲ್ಲರಿಗೂ ಸಮಾನ ಸ್ಥಾನವಿತ್ತೆಂದು ಹೆಮ್ಮೆಯಿಂದ ಹೇಳುತ್ತೇವೆ. ಕೇಳಿಸದವನಿಗೆ ಇಂದಿನ ಗೋಷ್ಠಿಯಲ್ಲಿ ಸ್ಥಾನ ಎಲ್ಲಿದೆ? ಅದಕ್ಕೆ ಕೆಲವು ಬಿನ್ನಹಗಳು.

ದೂರದಿಂದ ಕೂಗಬೇಡಿ, ಹತ್ತಿರ ಬನ್ನಿ. ಬಯಲಿನಲ್ಲಿ ಅಂತರ ಇಮ್ಮಡಿಯಾದರೆ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಕೂಗಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ಸ್ಪಷ್ಟವಾಗುವುದಿಲ್ಲ. ಮುಖ ಕಾಣುವಂತೆ, ಬೆಳಕಿನಲ್ಲಿ ನಿಂತು, ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ತಾಳಿರಿ.

ಈ ಸಭಾಭವನದ ಗೋಡೆ, ನೆಲ ಎರಡೂ ಕಲ್ಲು, ಧ್ವನಿ ಪ್ರತಿಧ್ವನಿಸುತ್ತದೆ. ಧ್ವನಿವರ್ಧಕದ ಸದ್ದು ಹೆಚ್ಚಿಸಿದರೆ ಪ್ರತಿಧ್ವನಿಯೂ ಹೆಚ್ಚುತ್ತದೆ. ಪರದೆ, ಜಮಖಾನೆ ಹಾಕಿಸೋಣ. ಮುಂದಿನ ಎರಡು ಸಾಲು ಕಿವಿ ಮಂದವಾದವರಿಗೆ ಮೀಸಲಿಡೋಣ. ದಾಸೋಹದ ಸಮಯ, ಮುಂದಿನ ಗೋಷ್ಠಿಯ ದಿನ ಫಲಕದ ಮೇಲೆ ಬರೆಯೋಣ.

ಶ್ರವಣ ಸಾಧನ ಹಾಕಿದ ದಿನವೇ ಎಲ್ಲ ಸರಿಹೋಗುವುದಿಲ್ಲ. ಮೊದಲು ನನಗೆ ಫ್ಯಾನು, ಪಾತ್ರೆಗಳ ಸದ್ದೇ ತಲೆ ತಿಂದಿತು. ಮಿದುಳು ಹೊಂದಿಕೊಳ್ಳಲು ವಾರಗಳು ಬೇಕು. ಅದಕ್ಕೆ ಮೊದಲೇ ಕಪಾಟಿಗೆ ಹಾಕಬೇಡಿ. ಕನ್ನಡಕ ಹಾಕಲು ನಾಚದವರು ಇದಕ್ಕೇಕೆ ನಾಚಬೇಕು? ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಮಾರ್ಚ್ 3 ವಿಶ್ವ ಶ್ರವಣ ದಿನ. ಅಂದು ಮಠದಲ್ಲಿ ತಪಾಸಣಾ ಶಿಬಿರ ನಡೆಯಲಿ ಎಂದು ಶ್ರೀಗಳಲ್ಲಿ ಬೇಡುತ್ತೇನೆ.

ತಮ್ಮನ ಮನೆಗೆ ನಾನೇ ಹೋಗಿ ತಪ್ಪೊಪ್ಪಿಕೊಂಡೆ. ಈಗ ಅವನು ನನ್ನ ಎದುರು ಕೂತೇ ಮಾತನಾಡುತ್ತಾನೆ. ನಾನು ಸಂಕೋಚವಿಲ್ಲದೆ “ಇನ್ನೊಮ್ಮೆ ಹೇಳಪ್ಪಾ” ಎನ್ನುತ್ತೇನೆ. ಅವ್ವನಿಗೆ ಇನ್ನೊಮ್ಮೆ ಹೇಳುವ ಅವಕಾಶ ನನಗಿಲ್ಲ. ನಿಮ್ಮ ಮನೆಗಳಲ್ಲಿ ಹಿರಿಯರಿದ್ದಾರೆ. ಇಂದು ಮನೆಗೆ ಹೋಗಿ ಅವರ ಪಕ್ಕ ಕೂತು, ಇಲ್ಲಿ ಏನು ನಡೆಯಿತೆಂದು ಹೇಳಿ.