ಬಳ್ಳಿ ಹಿಡಿದವನಿಗೆ ಪಾಲು

ನಾನು ಒಂಬತ್ತು ವರ್ಷದಿಂದ ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಊರು ಕುಂದಾಪುರದ ಹತ್ತಿರ, ಮನೆಯಿಂದ ಕಡಲಿಗೆ ಐದೇ ನಿಮಿಷ. ಆಫೀಸಲ್ಲಿ ಊರಿನ ಹೆಸರು ಹೇಳಿದರೆ "ಓ, ಬೀಚ್!" ಅಂತಾರೆ. ನಮಗೆ ಅದು ಕಡಲ ಬದಿ. ಬಲೆ ಹೊಲಿಯುವ, ಮೀನು ಒಣಗಿಸುವ, ಸಂಜೆ ಕೂತು ಮಾತಾಡುವ ಜಾಗ.

ಇವತ್ತು ಕೈರಂಪಣಿ ಬಗ್ಗೆ ಹೇಳ್ತೇನೆ. ಮೊದಲು ನಮ್ಮ ಕರಾವಳಿಯಲ್ಲಿ ದೊಡ್ಡ ರಂಪಣಿ ಬಲೆ ಇತ್ತು, ಎಳೆಯೋಕೆ ಊರೇ ಬೇಕಿತ್ತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಹಿಂದೆ ಬಿತ್ತು. ಕೈರಂಪಣಿ ಅದರದೇ ಚಿಕ್ಕ ರೂಪ. ಬಳ್ಳಿಯ, ಅಂದ್ರೆ ಹಗ್ಗದ, ಒಂದು ತುದಿ ದಡದಲ್ಲಿ ಇರುತ್ತೆ. ದೋಣಿ ಬಲೆ ಬಿಡುತ್ತಾ ಅರ್ಧ ಸುತ್ತು ಹಾಕಿ, ಇನ್ನೊಂದು ತುದಿಯನ್ನು ಸ್ವಲ್ಪ ದೂರದಲ್ಲಿ ದಡಕ್ಕೆ ತರುತ್ತೆ. ಆಮೇಲೆ ಎರಡು ಗುಂಪು ಎಳೆಯುತ್ತಾ ಎಳೆಯುತ್ತಾ ಹತ್ತಿರ ಬರ್ತಾರೆ.

ಹೋದ ವರ್ಷ ಚೌತಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಬಲೆ ಎಳೀತಿದ್ರು. ನಾನು ಮೊಬೈಲ್ ತೆಗೆದು ರೆಕಾರ್ಡ್ ಮಾಡ್ತಾ ನಿಂತೆ. ಪಕ್ಕದ ಮನೆ ಅಜ್ಜ ತಿರುಗಿ ನೋಡಿದವರೇ, "ಏ ಮಾಣಿ, ವಿಡಿಯೋ ಮತ್ತ್ ಮಾಡುಕಾತ್ತ್, ಮೊದ್ಲ್ ಬಳ್ಳಿ ಹಿಡಿ" ಅಂದ್ರು.

ಹಿಡಿದೆ. ಹತ್ತು ನಿಮಿಷಕ್ಕೆ ಅಂಗೈ ಕೆಂಪಾಯ್ತು. ಆಗ ಸುತ್ತ ನೋಡಿದೆ. ಎರಡೂ ಕಡೆ ಸೇರಿ ಹದಿನಾಲ್ಕು ಜನ, ಹೆಚ್ಚಿನವರು ಅರವತ್ತರ ಆಸುಪಾಸು. ಇಬ್ಬರು ಹೆಂಗಸರು, ಒಬ್ಬ ಶಾಲೆ ಹುಡುಗ. ನನ್ನ ವಯಸ್ಸಿನವರು ಒಬ್ಬರೂ ಇಲ್ಲ. ಅವರೆಲ್ಲ ಎಲ್ಲಿ? ಬೆಂಗಳೂರು, ದುಬೈ, ಮತ್ತೆ ಈ ವಿಡಿಯೋ ನೋಡ್ತಿರುವ ನಿಮ್ಮ ಹಾಗೆ ಪುಣೆ, ಮುಂಬೈ.

ಜನ ಸಿಗ್ತಾ ಇಲ್ಲ, ಬರುವ ವರ್ಷ ಬಲೆ ಮಾರುವ ಯೋಚನೆ ಇದೆ ಅಂದ್ರು ಅಜ್ಜ. ನನ್ನ ಎಂಟೆಕ್ ತಲೆ ತಕ್ಷಣ ಓಡಿತು. "ಅಜ್ಜ, ಮೋಟಾರ್ ಇಟ್ಟು ಎಳೆದ್ರೆ ನಾಲ್ಕು ಜನ ಸಾಕಲ್ಲ?"

ಅಜ್ಜ ಬಳ್ಳಿ ಬಿಡಲಿಲ್ಲ. "ಇಡುಕಾತ್ತ್. ಮತ್ತ್ ಉಳಿದ ಹತ್ತ್ ಜನಕ್ಕೆ ಪಾಲ್ ಯಾರ್ ಕೊಡ್ತ್ರ್?"

ನನಗೆ ಉತ್ತರ ಗೊತ್ತಿರಲಿಲ್ಲ. ಅಲ್ಲಿನ ಲೆಕ್ಕ ಹೀಗೆ: ದೋಣಿ, ಬಲೆಗೆ ಒಂದು ಪಾಲು, ಉಳಿದದ್ದು ಬಳ್ಳಿ ಹಿಡಿದವರಿಗೆ. ಎಷ್ಟು ಜೋರಾಗಿ ಎಳೆದೆ ಅಂತ ಯಾರೂ ಕೇಳಲ್ಲ. ದೋಣಿಗೆ ಹೋಗೋಕೆ ಆಗದ ಮುದುಕರಿಗೂ, ಗಂಡ ಇಲ್ಲದ ಹೆಂಗಸಿಗೂ ಆ ದಿನದ ಸಾರಿಗೆ ಮೀನು ಸಿಗುತ್ತೆ. ನಾನು ಉಳಿಸಲು ಹೊರಟಿದ್ದು ಅವರ ಪಾಲನ್ನೇ.

ಆವತ್ತು ಬಲೆಗೆ ಬಿದ್ದದ್ದು ಕಮ್ಮಿ. ಒಂದಿಷ್ಟು ಬೂತಾಯಿ, ಬಂಗುಡೆ, ಜೊತೆಗೆ ಪ್ಲಾಸ್ಟಿಕ್. ನನ್ನ ಕೈಗೂ ನಾಲ್ಕು ಬಂಗುಡೆ ಬಂತು. ಬೇಡ, ಅವರೇ ಇಟ್ಕೊಳ್ಳಲಿ ಅಂದೆ. ಯಾರೂ ಮಾತಾಡಲಿಲ್ಲ. ಮನೆಗೆ ಬಂದು ಹೇಳಿದಾಗ ಅಮ್ಮನಿಗೆ ಸಿಟ್ಟು ಬಂತು. "ಪಾಲ್ ಬೇಡ ಅಂದ್ರೆ ನೀ ಊರಿನವ ಅಲ್ಲ ಅಂದಂಗೆ. ಹೋಗಿ ತಕಂಡ್ ಬಾ."

ವಾಪಸ್ ಹೋಗಿ ಕೇಳಿ ತಗೊಂಡೆ. ಅಜ್ಜ ನಕ್ಕರು, ಒಂದು ಮೀನು ಜಾಸ್ತಿ ಹಾಕಿದ್ರು.

ಬಲೆ ಇನ್ನೂ ಮಾರಿಲ್ಲವಂತೆ. ಈ ಚೌತಿಗೂ ರಜೆ ಹಾಕಿದ್ದೇನೆ. ನಿಮ್ಮ ಊರಲ್ಲೂ ಇಂಥ ಬಳ್ಳಿ ಇದ್ದರೆ ಒಂದು ಬೆಳಿಗ್ಗೆ ಹೋಗಿ ಹಿಡೀರಿ. ಮೊಬೈಲ್ ಜೇಬಲ್ಲೇ ಇರಲಿ.