ಕೀಲಿ ಒತ್ತಿ, ಕನ್ನಡ ಮೊಳಗಲಿ!
(ಭಂಕೂರಿನ ಯುವಕರ ಮುಂದೆ ಆಡಿದ ಮಾತು)

ಭಂಕೂರಿನ ಕನ್ನಡದ ಗೆಳೆಯರೇ,

2015ರ ಜನವರಿಯಲ್ಲಿ ವಾಟ್ಸಾಪ್ ವೆಬ್ ಬಂತು. ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಸಾಕು, ಮೊಬೈಲಿನ ಮಾತೆಲ್ಲ ಕಂಪ್ಯೂಟರಿನ ಬ್ರೌಸರಿನಲ್ಲಿ! ದೊಡ್ಡ ಕೀಲಿಮಣೆ ಕೈಗೆ ಸಿಕ್ಕಿತು. ಆದರೆ ಕನ್ನಡದ ಗತಿ?

ಹಳೆಯ ನುಡಿ ಫಾಂಟಿನ ಬರಹವನ್ನು ಅಲ್ಲಿ ಅಂಟಿಸಿ ನೋಡಿ. ಇಂಗ್ಲಿಷ್ ಅಕ್ಷರಗಳ ಕಸ! ಏಕೆ? ಆ ಫಾಂಟುಗಳು ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ವೇಷ ತೊಡಿಸಿದ್ದವು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಮನೆಯಿದೆ. ಹಳೆಯ ಬರಹವನ್ನು ಅದಕ್ಕೆ ಪರಿವರ್ತಿಸಿ, ಹೊಸದನ್ನು ಅದರಲ್ಲೇ ಬರೆಯಿರಿ.

ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವ ಚಾಳಿ ಇನ್ನೆಷ್ಟು ದಿನ? ವಿಂಡೋಸಿನೊಳಗೇ ಕನ್ನಡ ಕೀಲಿಮಣೆಯಿದೆ. ಇವತ್ತೇ ಆನ್ ಮಾಡಿ. ‘ಹ್ಯಾಂಗದೀರಿ?’ ಎಂಬ ಮೊದಲ ಸಂದೇಶ ಕನ್ನಡದ ಅಕ್ಷರದಲ್ಲೇ ಹೋಗಲಿ!